ಕಪ್ಪಾಗಿಯೇ ಉಳಿದ ಗುಂಡಿ

ಅಮ್ಮ,

ಇವತ್ತು ಬಸುರಿ ಕುರಿಯೊಂದಕ್ಕೆ ಮಂಪರು ಕೊಟ್ಟು ಎಂಆರ್‌ಐ ಯಂತ್ರದೊಳಗೆ ಮಲಗಿಸಿದೆವು. ಹೊಟ್ಟೆಯ ಮರಿಗೆ ಉಸಿರು ಮುಟ್ಟಿಸುವ ಮಾಸಿನಲ್ಲಿ ಎಷ್ಟು ಆಮ್ಲಜನಕ ಇದೆಯೆಂದು, ಕತ್ತರಿ ತಾಗಿಸದೆ, ಚಿತ್ರದಲ್ಲೇ ಅಳೆಯುವುದು ನಮ್ಮ ಕೆಲಸ. ಕುರಿಯ ಮಾಸು ಮನುಷ್ಯರ ಮಾಸಿನಂತೆ ಒಂದೇ ತಟ್ಟೆಯಲ್ಲ. ಕೋಟಿನ ಗುಂಡಿಗಳ ಹಾಗೆ ಬಿಡಿಬಿಡಿ. ಕುರಿಯ ಮೂಗಿಗೆ ಆಮ್ಲಜನಕ ಬಿಟ್ಟಾಗ ಪರದೆಯ ಮೇಲೆ ಗುಂಡಿಗಳು ಒಂದೊಂದಾಗಿ ಬೆಳಗಿದವು. ಒಂದು ಮಾತ್ರ ಕಪ್ಪಾಗಿಯೇ ಉಳಿಯಿತು.

"ಯಂತ್ರದ ತಪ್ಪು, ಇನ್ನೊಂದ್ಸಲ ತೆಗೀರಿ," ಎಂದರು ಈ ಸಂಶೋಧನೆ ನಡೆಸುವ ನಮ್ಮ ಮೇಡಂ.

"ಮಾಸು ಸುಳ್ಳು ಹೇಳಲ್ಲ ಅಂತ ನಮ್ಮಮ್ಮ ಹೇಳ್ತಿದ್ರು ಮೇಡಂ," ಎಂದುಬಿಟ್ಟೆ. ಎರಡನೆಯ ಸಲವೂ ಅದು ಕಪ್ಪಾಗಿಯೇ ಇತ್ತು.

ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದ ಅಷ್ಟೂ ವರ್ಷ ನೀನು ಪ್ರತಿ ಮಾಸನ್ನೂ ಟ್ರೇಯಲ್ಲಿಟ್ಟು ಕಿಟಕಿಯ ಬೆಳಕಿಗೆ ಒಯ್ದು, ಚೂರೇನಾದರೂ ತಾಯಿಯ ಹೊಟ್ಟೆಯಲ್ಲೇ ಉಳಿದಿದೆಯೇ ಎಂದು ಮಗುಚಿ ನೋಡುತ್ತಿದ್ದೆ. ಡ್ಯೂಟಿ ಮುಗಿಸಿ ಬಂದು, ನನ್ನೆದುರು ಊಟಕ್ಕೆ ಕೂತು ಅದನ್ನೆಲ್ಲ ಹೇಳುವಾಗ ನಿನ್ನ ಮುಖ ಎಷ್ಟು ಅರಳುತ್ತಿತ್ತು. ಒಂದು ದಿನ ಹದಿಮೂರರ ನಾನು ಮೂಗು ಮುರಿದೆ: "ಊಟದ ಹೊತ್ತಲ್ಲಿ ಅದೆಲ್ಲ ಬೇಡಮ್ಮ, ವಾಕರಿಕೆ ಬರುತ್ತೆ." ಆಮೇಲೆ ನೀನು ಹೇಳುತ್ತಿದ್ದುದು ಇಷ್ಟೇ: "ಇವತ್ತು ಮೂರು ಹೆರಿಗೆ. ಎಲ್ಲ ಚೆನ್ನಾಗಿದ್ದಾರೆ."

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೂ ಬಾಯಲ್ಲಿ ತುತ್ತಿಟ್ಟುಕೊಂಡೇ ಆ ಕಪ್ಪು ಗುಂಡಿಯ ಬಗ್ಗೆ ಮಾತಾಡಿದರು. ಯಾರಿಗೂ ವಾಕರಿಕೆ ಬರಲಿಲ್ಲ.

ಮೇಡಂ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ನಿಮ್ಮಮ್ಮ ಇನ್ನೂ ಏನೇನು ಹೇಳ್ತಿದ್ರು?"

ಎಲ್ಲರೂ ಊಟ ನಿಲ್ಲಿಸಿ ಕಾದರು.

"ಮೂರು ಹೆರಿಗೆ, ಎಲ್ಲ ಚೆನ್ನಾಗಿದ್ದಾರೆ ಅಂತಿದ್ರು," ಎಂದೆ.