ಓಡಿಸದೆ ಉಳಿದ ಕಮಾಂಡು

ದೇವಮ್ಮಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡ. ಇವತ್ತು ಕಚೇರಿಯಲ್ಲಿ ಜಗಳ ಮಾಡಿ ಬಂದಿದ್ದೇನೆ. ಹೊಸ ಸೂಪರ್‌ವೈಜರ್ ಒಂದು ಕಮಾಂಡ್ ಓಡಿಸು ಎಂದ, ನಾನು ಓಡಿಸುವುದಿಲ್ಲ ಎಂದೆ. ಓಡಿಸಿದ್ದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲೂಕಿನ ರೇಷನ್ ಪಟ್ಟಿಯಿಂದ ಮುನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳ ಹೆಸರು ಒಂದೇ ಏಟಿಗೆ ಹೋಗುತ್ತಿದ್ದವು. ಓಡಿಸದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದು ಅವನು ಎಲ್ಲರೆದುರೇ ಹೇಳಿದ. ಹೋದರೆ ಹೋಗಲಿ. ನೀನು ತೀರಿಕೊಂಡು ವರ್ಷ ತುಂಬಿತು. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನಾನು ಕೆಲಸಕ್ಕೆ ಬಂದ ಮೊದಲ ದಿನ ಮೇಜಿನ ಮೇಲೆಲ್ಲ ಮೌಸ್ ಹುಡುಕಿದ್ದೆ, ನೆನಪಿದೆಯಾ? ಅದನ್ನು ನೀನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೆ. ಕಪ್ಪು ಪರದೆ, ಮಿಣುಕುವ ಒಂದು ಗೆರೆ, ಅಷ್ಟೇ ನಿನ್ನ ಪ್ರಪಂಚ. ಕಿನ್ನಾಳದಲ್ಲಿ ನಿಮ್ಮಪ್ಪ ಗೊಂಬೆಗೆ ಕಣ್ಣು ಬರೆಯುವಾಗ ಯಾರೊಡನೆಯೂ ಮಾತಾಡುತ್ತಿರಲಿಲ್ಲ ಎಂದು ನೀನೇ ಹೇಳಿದ್ದೆ. ಕಂಪ್ಯೂಟರಿಗೆ ಆದೇಶ ಕೊಡುವ ಕ್ವೆರಿ ಬರೆಯುವಾಗ ನೀನೂ ಹಾಗೇ ಇರುತ್ತಿದ್ದೆ, ಚಹಾ ತಂದಿಟ್ಟರೂ ತಿರುಗಿ ನೋಡುತ್ತಿರಲಿಲ್ಲ. ನಿನ್ನ ಎದುರು ಉಸಿರಾಡಲೂ ಹೆದರಿಕೆ ಆಗುತ್ತಿತ್ತು ನನಗೆ.

ಯಾರೋ ಪುಣ್ಯಾತ್ಮ ಮೊದಲು ಈ ಡೇಟಾಬೇಸ್ ಕಟ್ಟುವಾಗ ಊರಿಗೊಂದು ಟೇಬಲ್ ಮಾಡಿಟ್ಟು ಹೋಗಿದ್ದ. ಒಂದು ಸಣ್ಣ ತಿದ್ದುಪಡಿ ಎಂದರೂ ನೂರಾರು ಊರಿಗೆ ನೂರಾರು ಸಲ ಬರೆಯಬೇಕು. ಅದನ್ನು ಬರೆಯುವ ಕೆಲಸವನ್ನು ಮತ್ತೊಂದು ಕ್ವೆರಿಗೇ ಒಪ್ಪಿಸುವುದನ್ನು ನೀನು ಕಲಿಸಿದೆ. ಅದು ಊರಿನ ಹೆಸರುಗಳನ್ನು ತಾನೇ ಹೆಕ್ಕಿಕೊಂಡು ಪ್ರತಿ ಊರಿಗೂ ಬೇಕಾದ ಕ್ವೆರಿಗಳನ್ನು ಸಾಲಾಗಿ ಬರೆದುಕೊಡುತ್ತಿತ್ತು. ಕೊನೆಗೆ ಅರ್ಧವಿರಾಮ ಹೊಡೆದರೆ ಬರೆದದ್ದನ್ನು ತೋರಿಸಿ ಸುಮ್ಮನಾಗುತ್ತದೆ. ಅದರ ಬದಲು ಜಿಎಕ್ಸೆಕ್ ಎಂದು ಹೊಡೆದರೆ ಬರೆದದ್ದನ್ನೆಲ್ಲ ಒಂದರ ಹಿಂದೊಂದು ನಡೆಸಿಯೇ ಬಿಡುತ್ತದೆ. ನೀನು ಯಾವಾಗಲೂ ಅರ್ಧವಿರಾಮದವಳು. ಅಳಿಸುವ ಪ್ರತಿ ಸಾಲಿನ ಪಕ್ಕ ಆ ವ್ಯಕ್ತಿಯ ಹೆಸರೂ ಬೀಳುವಂತೆ ಮಾಡಿ, ಎಲ್ಲ ಕಾಗದದ ಮೇಲೆ ಇಳಿಸಿ, ಬೆರಳಿಟ್ಟು ಓದುತ್ತಿದ್ದೆ. ಮಷೀನು ಬರೆದದ್ದನ್ನು ಮನುಷ್ಯರು ಯಾಕೆ ಓದಬೇಕು ಎಂದು ನಾನು ನಗುತ್ತಿದ್ದೆ. "ಅದಕ್ಕ ಬರಿಯಾಕ ಬರ್ತೈತಿ, ಈಕಿ ಯಾರು ಅಂತ ಅದಕ್ಕೇನ ಗೊತ್ತು?" ಎನ್ನುತ್ತಿದ್ದೆ ನೀನು.

ಕುಷ್ಟಗಿಯ ಆ ಮಧ್ಯಾಹ್ನದ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಲೇ ಇಲ್ಲ. ಪರೀಕ್ಷೆಗೆಂದು ಆಸ್ಪತ್ರೆಗೆ ಹೊರಟ ನೀನು, ಕುಷ್ಟಗಿ ಪಟ್ಟಿಯಿಂದ ಹೆಸರು ಅಳಿಸುವ ಕ್ವೆರಿಯನ್ನು ಪರದೆಯ ಮೇಲೇ ಬಿಟ್ಟು, ಬಂದು ಓದುತ್ತೇನೆ ಎಂದಿದ್ದೆ. ನೀನು ಬರುವುದರೊಳಗೆ ಕೆಲಸ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಹುಚ್ಚು ನನಗೆ. ಅರ್ಧವಿರಾಮ ತೆಗೆದು ಜಿಎಕ್ಸೆಕ್ ಹೊಡೆದೆ. ಸಾಲುಗಳು ಸರಸರ ಓಡಿದವು. ಎಷ್ಟು ಚಂದ ಕಂಡಿತ್ತು ಗೊತ್ತಾ ಆಗ... ಮರುದಿನ ದಾಳಿಂಬೆ ತೋಟಕ್ಕೆ ಕೂಲಿಗೆ ಹೋಗುವ ಇಪ್ಪತ್ತು ಮಂದಿ ಹೆಣ್ಣುಮಕ್ಕಳು ಖಾಲಿ ಚೀಲ ಹಿಡಿದು ರೇಷನ್ ಅಂಗಡಿಯಿಂದ ವಾಪಸಾದರು. ಅವರ ಹೆಸರು ಮತ್ತೆ ಹತ್ತಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಆ ಮನೆಗಳಲ್ಲಿ ಏನು ಬೇಯಿಸಿದರೋ ನಾನು ಕೇಳಲಿಲ್ಲ. ನೀನು ಒಂದು ಹಾಳೆಯಲ್ಲಿ ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದೆ. ನಾನು ಬಾಗಿಲ ಬಳಿ ನಿಂತಿದ್ದೆ, ಬಾಯಿ ಬಿಡಲಿಲ್ಲ. "ನಂದೇನ ಮುಗೀತ ಬಂತು, ನಿಂಗ ಈ ಕೆಲ್ಸ ಬೇಕು" ಎಂದೆಯಲ್ಲ ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ, ಯಾಕೆ ಹಾಗೆ ಮಾಡಿದೆ? ನನ್ನನ್ನು ಕೇಳಬೇಕಿತ್ತೋ ಇಲ್ಲವೋ? ನನಗೆ ನಿನ್ನ ಮೇಲೆ ಈಗಲೂ ಸಿಟ್ಟಿದೆ.

ಹೋದ ಶುಕ್ರವಾರ ಹೊಸ ಸೂಪರ್‌ವೈಜರ್ ಆದೇಶ ತಂದ. ಒಂದೇ ಊರು, ಒಂದೇ ಹೆಸರು, ಗಂಡನ ಹೆಸರೂ ಒಂದೇ ಇದ್ದರೆ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆ, ಸೋಮವಾರದೊಳಗೆ ಆಗಬೇಕು. ನಿನ್ನ ಹಾಗೆಯೇ ಅರ್ಧವಿರಾಮ ಹೊಡೆದು, ಕಾಗದಕ್ಕೆ ಇಳಿಸಿ, ಬೆರಳಿಟ್ಟು ಓದಿದೆ. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಹುಲಿಗೆಮ್ಮ, ಗಂಡ ಹನುಮಪ್ಪ. ಅದರ ಕೆಳಗೆ ಹುಲಿಗೆಮ್ಮ, ಗಂಡ ಹನುಮಪ್ಪ. ಹೀಗೆ ಅಳಿಸುವ ಸಾಲು ನಾಲ್ಕು, ಉಳಿಯುವವಳು ಐದನೆಯವಳೊಬ್ಬಳು. ಹುಲಿಗಿಯ ತಾಯಿಗೆ ಹರಕೆ ಹೊತ್ತು ಹುಟ್ಟಿದ ಹೆಣ್ಣು ಕೂಸಿಗೆ ನಮ್ಮ ಕಡೆ ಬೇರೆ ಹೆಸರಿಡುತ್ತಾರಾ? ಹನುಮಪ್ಪನ ಗುಡಿ ಇಲ್ಲದ ಊರಾದರೂ ಎಲ್ಲಿದೆ?

ಭಾನುವಾರ ಪಟ್ಟಿ ಹಿಡಿದು ಬಸ್ ಹತ್ತಿದೆ. ಬಸ್ಸಿಳಿದು ಹುಲಿಗೆಮ್ಮನ ಮನೆ ಎಲ್ಲಿ ಎಂದು ಕೇಳಿದರೆ, ಕಟ್ಟೆಯ ಮೇಲೆ ಅಕ್ಕಡಿ ಕಾಳು ಹಸನು ಮಾಡುತ್ತಿದ್ದ ಮುದುಕಿ ತಲೆ ಎತ್ತಿ, "ಯಾವಾಕಿ ಬೇಕವ್ವಾ? ಗಿರಣಿಯಾಕಿನೋ, ಬಾವಿಮನಿಯಾಕಿನೋ, ಕುಂಟೆತ್ತಿನಾಕಿನೋ?" ಎಂದಳು. ಊರೇ ಅವರನ್ನು ಅಡ್ಡಹೆಸರಿನಿಂದ ಗುರುತಿಸುತ್ತದೆ. ನಮ್ಮ ಫಾರ್ಮಿನಲ್ಲಿ ಅಡ್ಡಹೆಸರಿಗೆ ಜಾಗವೇ ಇಲ್ಲ. ಐದೂ ಜನರನ್ನು ಕಂಡು ಬಂದೆ. ಗಿರಣಿ ಹುಲಿಗೆಮ್ಮ ಚಹಾ ಕೊಟ್ಟಳು, ಕುಂಟೆತ್ತಿನ ಹುಲಿಗೆಮ್ಮ ಊಟ ಮಾಡದೆ ಏಳಲು ಬಿಡಲಿಲ್ಲ. ನಾನು ಯಾಕೆ ಬಂದಿದ್ದೇನೆ ಎಂದು ಹೇಳಲು ಅವರ ರೊಟ್ಟಿ ತಿನ್ನುತ್ತ ಬಾಯಿ ಬರಲಿಲ್ಲ.

ಇವತ್ತು ಬೆಳಿಗ್ಗೆ ಇಷ್ಟನ್ನೂ ಹೇಳಿದೆ. ಸೂಪರ್‌ವೈಜರ್ ನಂಬಲಿಲ್ಲ. ಒಬ್ಬಳೇ ಐದು ಕಾರ್ಡ್ ಮಾಡಿಸಿದ್ದಾಳೆ, ನೀನು ಹೋಗಿ ರೊಟ್ಟಿ ತಿಂದು ಬಂದಿದ್ದೀಯ ಎಂದು ನಕ್ಕ. ಆಫೀಸಿಗೆ ಆಫೀಸೇ ನಕ್ಕಿತು. ಬಾಕಿ ಊರುಗಳ ಪಟ್ಟಿಯನ್ನೂ ಊರಿನವರ ಮುಂದೆ ಓದದ ಹೊರತು ನಾನು ಕೀಲಿಮಣೆ ಮುಟ್ಟುವುದಿಲ್ಲ ಎಂದೆ. ಆಗ ಅವನು, "ನಿಮ್ಮ ದೇವಮ್ಮನೂ ಹಿಂಗ ಭಾಳ ಓದ್ತಿದ್ಲಂತ. ಓದಿ ಓದಿ ಕುಷ್ಟಗಿ ಪಟ್ಟಿ ಹಾಳ ಮಾಡಿ ಹೋದ್ಲು, ಫೈಲಿನ್ಯಾಗ ಐತಿ ನೋಡು" ಎಂದ.

ಅಕ್ಕಾ, ಕೆಲಸ ಹೋಗುತ್ತದೆ ಎಂದ ಮಾತಿಗೆ ನಾನು ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ. ಈ ಮಾತಿಗೆ ಮೈ ಉರಿದುಹೋಯಿತು.

"ಅದನ್ನ ಆಕಿ ಮಾಡಿಲ್ರಿ," ಎಂದೆ. "ಆಕಿ ಓದಾಕ ಇಟ್ಟಿದ್ಲು. ಓದ್ಲಾರ್ದ ಓಡಿಸಿದಾಕಿ ನಾನು."

ಬರೆದು ಕೊಡುತ್ತೀಯಾ ಎಂದು ಸೂಪರ್‌ವೈಜರ್ ಕೇಳಿದ, ನಾನು ಹೆದರಿ ಹಿಂದೆ ಸರಿಯುತ್ತೇನೆ ಅಂದುಕೊಂಡಿರಬೇಕು. ಅಲ್ಲೇ ಕೂತು ಬರೆದೆ. ಕುಷ್ಟಗಿಯಲ್ಲಿ ಮಾಡಿದ್ದು ನಾನು ಎಂದು ಬರೆದೆ. ಓದದೆ ಓಡಿಸಿದರೆ ಬದುಕಿರುವವರೇ ಪಟ್ಟಿಯಿಂದ ಹೋಗುತ್ತಾರೆ ಎಂದು ಬರೆದೆ. ಗೊತ್ತಿದ್ದೂ ಮತ್ತೆ ಓಡಿಸಿರಿ ಎನ್ನುವವರು ಇದರ ಕೆಳಗೆ ತಮ್ಮ ಹೆಸರು ಬರೆದು ಸಹಿ ಮಾಡಲಿ ಎಂದೂ ಬರೆದೆ. ಅವನು ಎರಡು ಸಲ ಓದಿದ. ಪೆನ್ನು ತೆರೆದ, ಮುಚ್ಚಿದ. ಸಹಿ ಮಾಡಲಿಲ್ಲ. ಸಂಜೆ ಹೊತ್ತಿಗೆ ಪಟ್ಟಿಯನ್ನು ಊರೂರಿಗೆ ಕಳಿಸಿ ವಿಚಾರಿಸಿ ಎಂದು ಹೇಳಿ ಕಳಿಸಿದ. ನನ್ನನ್ನು ಈ ತಿಂಗಳ ಕೊನೆಗೆ ಕೆಲಸದಿಂದ ಬಿಡಿಸುತ್ತಾರಂತೆ. ಅಷ್ಟರೊಳಗೆ ಎಲ್ಲ ಊರಿನ ಟೇಬಲ್ಲಿಗೂ ಅಡ್ಡಹೆಸರಿನದೊಂದು ಅಂಕಣ ಸೇರಿಸಿಯೇ ಹೋಗುತ್ತೇನೆ. ಮೊದಲು ಅರ್ಧವಿರಾಮ ಹೊಡೆದು ಓದುತ್ತೇನೆ, ಆಮೇಲೇ ಓಡಿಸುತ್ತೇನೆ, ಆಣೆ ಮಾಡಿ ಹೇಳುತ್ತೇನೆ.

ನನ್ನ ಹಾಳೆಯನ್ನು ಕುಷ್ಟಗಿಯ ಫೈಲಿಗೆ ನಾನೇ ಟ್ಯಾಗ್ ಹಾಕಿ ಕಟ್ಟಿದೆ, ನೀನು ಸಹಿ ಹಾಕಿದ ಹಾಳೆಯ ಮೇಲೆ. ಇನ್ನು ಆ ಫೈಲು ಯಾರು ತೆರೆದರೂ ಮೊದಲು ನನ್ನ ಹೆಸರನ್ನೇ ಓದಬೇಕು.

ನಿನ್ನ
ರೇಣುಕಾ