ಹೊರಗಿನ ಕೋಣೆಯ ಅಗುಳಿ

ಮಾವಾ,

ನೀವು ಹೋಗಿ ವರ್ಷವಾಗುತ್ತ ಬಂತು. ಆದರೂ ಮನೆಯ ಸುದ್ದಿಯನ್ನು ಯಜಮಾನರಿಗೆ ಒಪ್ಪಿಸದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಇವತ್ತು ಪಾಲಾಯಿತು. ಅಳಿಯಸಂತಾನದ ಮನೆ ತಾಯಿಯಿಂದ ಮಗಳಿಗೆ, ಅಂದರೆ ನಿಮ್ಮ ತಂಗಿಯಿಂದ ನನಗೆ, ಗಂಡಸರ ಮಕ್ಕಳಿಗೆ ಇಲ್ಲಿ ಏನೂ ಇಲ್ಲ ಎಂದು ಕೊನೆಯವರೆಗೂ ಹೇಳಿದಿರಿ. ಉಯಿಲು ಮಾತ್ರ ಬರೆಯಲಿಲ್ಲ.

"ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ್ಮೇಲೆ ಆ ಕಟ್ಟಳೆ ನಡೆಯಲ್ಲಮ್ಮ. ಅವರ ಪಾಲು ಅವರ ಮಗಳಿಗೇ," ಎಂದರು ವಕೀಲರು.

ನಿಮ್ಮ ಮಗಳು ನಡುಮನೆಯನ್ನೇ ಕೇಳುತ್ತಾಳೆಂದು ನಾನು ಜಗಳಕ್ಕೆ ಸೆರಗು ಸಿಕ್ಕಿಸಿ ಕೂತಿದ್ದೆ. ಅವಳು ಕೇಳಿದ್ದು ಹೊರಗಿನ ಕೋಣೆ. ತಾಯಿಯ ಮನೆಯಿಂದ ರಜೆಗೆ ಬಂದಾಗ ಅವಳನ್ನು ನೆಂಟರ ಹಾಗೆ ಇಳಿಸುತ್ತಿದ್ದಿರಲ್ಲ, ಅದೇ.

"ಅದಕ್ಕಿಂತ ದೊಡ್ಡದು ಬರುತ್ತೆ ನಿಮಗೆ."

"ಇರ್ಲಿ ಬಿಡಿ ಸಾರ್. ಅಪ್ಪನ ಮನೇಲಿ ನಂಗೆ ಗೊತ್ತಿರೋದು ಅದೊಂದೇ."

ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿದೆ.

ಸಂಜೆ ಅವಳು ಅಲ್ಲಿ ಕಸ ಗುಡಿಸುವ ಸದ್ದು ಕೇಳಿಸಿತು. ಆ ಕೋಣೆಗೂ ನಡುಮನೆಗೂ ಮಧ್ಯೆ ಒಂದು ಬಾಗಿಲಿದೆ, ಅದರ ಅಗುಳಿ ನಮ್ಮ ಕಡೆಗಿದೆ. ಅವಳು ಬಂದಾಗಲೆಲ್ಲ ರಾತ್ರಿ ಊಟವಾದ ಮೇಲೆ ಅದನ್ನು ಹಾಕುವ ಕೆಲಸ ನನಗೇ ಕೊಟ್ಟಿದ್ದಿರಿ. ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಬಡಿದು ತೆಗೆದೆ.

ಆ ಕಡೆ ಕಸಬರಿಗೆಯ ಸದ್ದು ನಿಂತಿತು.

"ಯಾರು?"

ಬಾಗಿಲು ತಳ್ಳಲು ಹೋದ ಕೈ ಅಲ್ಲೇ ನಿಂತಿತು, ಮಾವಾ. ಹುಟ್ಟಿದಾಗಿನಿಂದ ಈ ಮನೆಯಲ್ಲಿ ಯಾರನ್ನೂ ಕೇಳದ ಮಾತನ್ನು ಅವಳನ್ನು ಕೇಳಿದೆ.

"ನಾನು ಕಣೇ. ಒಳಗೆ ಬರ್ಲಾ?"