ಯಾರೂ ಎಳೆಯದ ಹಗ್ಗ

ಬೇಬಿ ಚಿಕ್ಕಮ್ಮ,

ಮಕ್ಕಳ ಬೇಸಿಗೆ ಕ್ಯಾಂಪಿನ ಕೆಲಸಕ್ಕೆ ಹೊರಟೆ. ಉಕ್ಕುತ್ತಿದ್ದ ದೋಸೆ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟಿದ್ದೇನೆ. ನಿಮ್ಮ ಹಳದಿ ರೇಷ್ಮೆ ಸೀರೆ ಉಟ್ಟಿದ್ದೇನೆ, ಬೈಯಬೇಡಿ. ನನ್ನಲ್ಲಿ ಬೇರೆ ಹಳದಿ ಬಟ್ಟೆಯಿಲ್ಲ.

ಬೇರೆ ಬೇರೆ ದೇಶಗಳಿಂದ ಬಂದು ಅಲ್ಲಿ ಪಾತ್ರೆ ತೊಳೆಯುವ ವಿದ್ಯಾರ್ಥಿಗಳಾದ ನಾವೆಲ್ಲ ವಾರಕ್ಕೊಂದು ರಜೆ ಕೇಳಿದ್ದಕ್ಕೆ ಕ್ಯಾಂಪಿನ ಡೈರೆಕ್ಟರ್ ನಮ್ಮನ್ನೇ ಕೆಂಪು, ಹಳದಿ ತಂಡಗಳಾಗಿ ಒಡೆದಿದ್ದಾನೆ. ಇವತ್ತು ಹಗ್ಗಜಗ್ಗಾಟ; ಗೆದ್ದವರಿಗೆ ಮಾತ್ರ ರಜೆಯಂತೆ! “ಇಟ್ಸ್ ಆಲ್ ಫನ್, ಮಹಿಮಾ!” ಅನ್ನುತ್ತಾನೆ. ಮೊನ್ನೆ ನನ್ನ ಜೊತೆ ಘೋಷಣೆ ಕೂಗಿದ ಪೋಲೆಂಡಿನ ಹುಡುಗಿ ನಿನ್ನೆ ಮುಖಕ್ಕೆ ಕೆಂಪು ಬಳಿದುಕೊಂಡು ನನ್ನನ್ನೇ ಗುರಾಯಿಸಿದಳು.

ಹೇಗೋ ಎರಡೂ ತಂಡದ ಎಲ್ಲರನ್ನೂ ಒಪ್ಪಿಸಿದ್ದೇನೆ. ಹಗ್ಗ ಹಿಡಿಯುತ್ತೇವೆ, ಆದರೆ ಯಾರೂ ಎಳೆಯುವುದಿಲ್ಲ. ಎಲ್ಲರಿಗೂ ರಜೆ ಸಿಗುವವರೆಗೆ ಹಾಗೇ ನಿಂತಿರುತ್ತೇವೆ. ಊಟದ ತಟ್ಟೆಗಳನ್ನು ಡೈರೆಕ್ಟರೇ ತೊಳೆಯಲಿ.

ಅಮ್ಮ ಫೋನ್ ಮಾಡಿದರೆ ಆಟಕ್ಕೆ ಹೋಗಿದ್ದಾಳೆ ಅನ್ನಿ, ಸುಳ್ಳೇನಲ್ಲ.

ಮಹಿಮಾ